ನೆಲಮಂಗಲ ಕೇಂದ್ರ, ಹಾಜರಿದ್ದೀರಾ?

ಹಾಜರಿ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಈಚೆಗೆ ನನಗೆ ಮೈಯೆಲ್ಲ ಉರಿದುಹೋಗುತ್ತದೆ. ಪ್ರೈಮರಿ ಶಾಲೆಯ ಮೇಡಂ ಒಬ್ಬಳು ಹೀಗೆ ಹೇಳಬಾರದು, ನನಗೂ ಗೊತ್ತು. ಹಾಜರಿ ಕೂಗುವುದೇ ನನ್ನ ಹೊಟ್ಟೆಪಾಡು. ಬೆಳಗಾದರೆ ಸೋಂಪುರದ ಕಡೆಯ ನಮ್ಮ ಶಾಲೆಯಲ್ಲಿ ಕುರ್ಚಿ ಎಳೆದುಕೊಂಡು ಹೆಸರು ಕೂಗುತ್ತೇನೆ, ಮಕ್ಕಳು "ಹಾಜರ್ ಮಿಸ್" ಅನ್ನುತ್ತವೆ. ಅದರಲ್ಲೂ ಎಷ್ಟು ಬಗೆ! ಒಬ್ಬ ತನ್ನ ಹೆಸರು ಬರುವ ಮೊದಲೇ ಕಿರುಚುತ್ತಾನೆ. ಒಬ್ಬಳು ಎದ್ದು ನಿಂತು ಲಂಗ ಹಿಂಡುತ್ತಾಳೆಯೇ ಹೊರತು ಬಾಯಿ ಬಿಡುವುದಿಲ್ಲ. ಒಂದು ದಿನ ಗಂಗರಾಜನ ಹೆಸರು ಕೂಗಿದಾಗ ಅವನ ಪುಟ್ಟ ತಂಗಿ ಎದ್ದು ನಿಂತು, "ಅವ್ನು ಎಮ್ಮೆ ಹೊಡ್ಕಂಡ್ ಹೋದ ಮಿಸ್, ಅವ್ನ ಬದ್ಲು ನಾನ್ ಬಂದಿವ್ನಿ" ಅಂದಳು. ಅವಳಿಗೆ ಶಾಲೆಗೆ ಸೇರುವ ವಯಸ್ಸೇ ಇನ್ನೂ ಆಗಿರಲಿಲ್ಲ. ನಾನು ನಕ್ಕು ಗಂಗರಾಜನಿಗೆ ಹಾಜರಿ ಹಾಕಿದೆ. ಒಂದು ಮನೆಯಿಂದ ಒಂದು ಮಗು ಬಂದು ಕೂತಿತಲ್ಲ, ಅಷ್ಟು ಸಾಕು ಎಂಬುದು ನನ್ನ ಲೆಕ್ಕ. ಮೇಲಿನವರ ಲೆಕ್ಕ ಬೇರೆ ಎಂದು ನನಗೆ ತಿಳಿದದ್ದು ಆಕಾಶದ ತರಬೇತಿ ಬಂದ ಮೇಲೆ.

ಆಕಾಶದ ತರಬೇತಿ ಎಂದರೆ ನಾನು ಇಟ್ಟ ಹೆಸರಲ್ಲ, ನಮ್ಮ ತಾಲ್ಲೂಕಿನ ಮೇಷ್ಟ್ರುಗಳೆಲ್ಲ ಹಾಗೇ ಕರೆಯುತ್ತಿದ್ದರು. ಮೊದಲೆಲ್ಲ ತರಬೇತಿ ಎಂದರೆ ಯಾರೋ ಒಬ್ಬರು ಸಾಹೇಬರು ಬರುತ್ತಿದ್ದರು, ಕಪ್ಪುಹಲಗೆಯ ಮುಂದೆ ನಿಂತು ಮಾತಾಡುತ್ತಿದ್ದರು, ನಾವು ಹಿಂದಿನ ಬೆಂಚಿನಲ್ಲಿ ಕಡಲೆಕಾಯಿ ಸುಲಿಯುತ್ತಿದ್ದೆವು, ಸಂಜೆ ಮನೆಗೆ ಬರುತ್ತಿದ್ದೆವು. ಈಗ ಕಾಲ ಮುಂದುವರಿಯಿತು. ಸಾಹೇಬರು ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಕೂತು ಪಾಠ ಮಾಡುವುದು, ಅದು ಆಕಾಶಕ್ಕೆ ಹೋಗಿ, ಅಲ್ಲಿರುವ ಉಪಗ್ರಹಕ್ಕೆ ತಗುಲಿ, ನೆಲಮಂಗಲದ ಶಾಲೆಯ ಮೇಲೆ ಕೂರಿಸಿದ ದೊಡ್ಡ ತಟ್ಟೆಗೆ ಇಳಿದು, ಟಿವಿಯಲ್ಲಿ ನಮಗೆ ಕಾಣುವುದು. ಬೆಂಗಳೂರಿಗೂ ನೆಲಮಂಗಲಕ್ಕೂ ನಡುವೆ ಇರುವುದೆಷ್ಟು ದೂರ? ಆ ಪುಣ್ಯಾತ್ಮ ಮೆಜೆಸ್ಟಿಕ್ಕಿನಲ್ಲಿ ಯಾವುದಾದರೂ ತುಮಕೂರು ಬಸ್ಸು ಹತ್ತಿದ್ದರೆ ಒಂದು ನಿದ್ದೆ ಮುಗಿಯುವುದರೊಳಗೆ ನಮ್ಮೆದುರು ಬಂದು ನಿಂತಿರುತ್ತಿದ್ದರು. ಅದನ್ನು ಕೇಳಿದರೆ ಹೊಸತನಕ್ಕೆ ವಿರೋಧಿ ಅನ್ನುತ್ತಾರೆ.

ಪಾಠದ ವಿಷಯ ಮಾತ್ರ ಚೆನ್ನಾಗಿತ್ತು. ಮಕ್ಕಳು ಹೆದರಿಕೆಯಿಲ್ಲದೆ ನಗುನಗುತ್ತಾ ಶಾಲೆಗೆ ಬರುವ ಹಾಗೆ ಮಾಡುವುದು ಹೇಗೆ ಎಂದು. ಅದನ್ನು ಕಲಿಯಲು ನಮ್ಮನ್ನು ಹೆದರಿಸಿ ಕರೆಸಿದ್ದರು. ಸುತ್ತೋಲೆಯಲ್ಲಿ ಪಾಠದ ಬಗ್ಗೆ ಇದ್ದದ್ದು ನಾಲ್ಕು ಸಾಲು, ಉಳಿದದ್ದೆಲ್ಲ ಹಾಜರಾತಿ. ಪ್ರತಿ ಅವಧಿಯ ಕೊನೆಯಲ್ಲಿ ಟಿವಿಯಲ್ಲಿರುವ ಸಾಹೇಬರು ಒಂದೊಂದೇ ಕೇಂದ್ರದ ಹೆಸರು ಹಿಡಿದು ಕರೆಯುತ್ತಾರೆ, ಕೇಂದ್ರದವರು ಹಾಜರಿ ಒಪ್ಪಿಸಬೇಕು. ಆ ಹೊತ್ತಿನಲ್ಲಿ ಶಿಕ್ಷಕರು ಟಿವಿಯ ಮುಂದೆ ಕೂತಿರಬೇಕು. ಒಂದೇ ಒಂದು ಅವಧಿ ತಪ್ಪಿದರೂ ಇಡೀ ತರಬೇತಿ ತಪ್ಪಿದ ಹಾಗೆ. ತಪ್ಪಿಸಿಕೊಂಡವರು ಬೇಸಿಗೆ ರಜದಲ್ಲಿ ಮೊದಲಿನಿಂದ ಬಂದು ಕೂರತಕ್ಕದ್ದು.

ಬೇಸಿಗೆ ರಜ! ಉಳಿದವರಿಗೆ ರಜ ಹೋದರೆ ನಿದ್ದೆ ಹೋಗುತ್ತದೆ ಅಷ್ಟೆ. ನನಗೆ ಹೋಗುತ್ತಿದ್ದದ್ದು ಬಾಣಂತನ. ನನಗಿರುವವಳು ಒಬ್ಬಳೇ ಮಗಳು, ಮಂಜುಳ. ಅವಳನ್ನು ಹೊಸಕೋಟೆಗೆ ಕೊಟ್ಟಿದ್ದೇವೆ. ಆಗ ಅವಳು ಚೊಚ್ಚಲ ಬಸುರಿ, ಬೇಸಿಗೆ ರಜದ ನಡುವೆ ಹೆರಿಗೆ ಎಂದು ಡಾಕ್ಟರು ಹೇಳಿದ್ದರು. ಚೊಚ್ಚಲ ಬಾಣಂತನ ತೌರುಮನೆಯಲ್ಲಿ ಆಗಬೇಕು ಎಂದು ನಾನು ದಾಬಸ್‌ಪೇಟೆಯ ನಮ್ಮ ಮನೆಯಲ್ಲಿ ಆಗಲೇ ಹಳೆಯ ಸೀರೆಗಳನ್ನು ಒಗೆದು ಮಡಿಸಿ ಇಟ್ಟಿದ್ದೆ, ಹರಳೆಣ್ಣೆ ಆಡಿಸಿಟ್ಟಿದ್ದೆ, ಬಚ್ಚಲ ಹಂಡೆಗೆ ಕಲಾಯಿ ಮಾಡಿಸಿದ್ದೆ. ಆದರೆ ನನ್ನ ಬೀಗಿತ್ತಿ ಮುನಿತಾಯಮ್ಮನವರಿಗೆ ನನ್ನ ಮೇಲೆ ಮೊದಲಿನಿಂದಲೂ ಒಂದು ಅನುಮಾನ. ಕೆಲಸಕ್ಕೆ ಹೋಗುವ ಹೆಂಗಸು ಮನೆ ಕೆಲಸ ಹೇಗೆ ಮಾಡಿಯಾಳು ಎಂದು. ಸೀಮಂತದ ದಿನ ನೆಂಟರೆಲ್ಲರ ಎದುರಿಗೆ, "ಬೀಗ್ರೆ, ನಿಮ್ಗೆ ಇಸ್ಕೂಲು, ಮೀಟಿಂಗು ಅಂತ ಕಾಲ್ ಒಂದ್ಕಡೆ ನಿಲ್ಲಾಕಿಲ್ಲ. ಹುಡ್ಗಿ ಇಲ್ಲೇ ಇರ್ಲಿ ಬುಡಿ, ನಾನೇ ನೀರು ಹಾಕ್ತೀನಿ" ಅಂದಿದ್ದರು. ನಾನು ನಗುತ್ತಲೇ, "ರಜ ಬರ್ತದಲ್ಲ ಬೀಗ್ರೆ, ಎರಡು ತಿಂಗ್ಳು ನಾನು ಮನೆಬಿಟ್ಟು ಅಲ್ಲಾಡಲ್ಲ" ಅಂದಿದ್ದೆ. ಅಷ್ಟು ಜನರ ಮುಂದೆ ಆಡಿದ ಮಾತು. ಆ ರಜದ ಮೇಲೆ ಈಗ ಆಕಾಶ ಕಳಚಿಕೊಂಡು ಬಿದ್ದಿತ್ತು.

ಹಾಗಾಗಿ ಚಳಿಗಾಲ ಇನ್ನೂ ಪೂರ್ತಿ ಬಿಡದ ಒಂದು ಸೋಮವಾರ ನಾನು ಎಲ್ಲರಿಗಿಂತ ಮೊದಲು ಹೋಗಿ ಟಿವಿಯ ಎದುರಿನ ಮೊದಲ ಬೆಂಚಿನಲ್ಲಿ ಕೂತೆ. ಟಿವಿಗೆ ಮರದ ಪೆಟ್ಟಿಗೆ ಮಾಡಿಸಿ ಬೀಗ ಹಾಕಿದ್ದರು. ಬೀಗದ ಕೈ ಇದ್ದದ್ದು ಕೇಂದ್ರದ ಸಂಯೋಜಕರಾದ ಗಂಗಹನುಮಯ್ಯ ಮೇಷ್ಟ್ರ ಹತ್ತಿರ. ಬಹಳ ಸಂಭಾವಿತರು, ಯಾರಿಗೂ ಒಂದು ಕೆಟ್ಟ ಮಾತು ಆಡಿದವರಲ್ಲ. ಆದರೆ ಸುತ್ತೋಲೆಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ಬಾಗಿಲು ತೆಗೆಯಲೇ ಎಂದು ಕೇಳಿದರೂ ಜೇಬಿಗೆ ಕೈ ಹಾಕಿ, ಕನ್ನಡಕ ಏರಿಸಿ ಓದಿಯೇ ಉತ್ತರ ಹೇಳುವರು. ನನ್ನ ಪಕ್ಕದಲ್ಲಿ ತ್ಯಾಮಗೊಂಡ್ಲು ಕಡೆಯ ಜಯಲಕ್ಷ್ಮಮ್ಮ ಬಂದು ಕೂತರು. ಅವರು ನನ್ನ ಹಳೆಯ ಗೆಳತಿ, ಬಾಯಿಗೆ ಬೀಗವಿಲ್ಲದವರು.

ಮೊದಲ ಅವಧಿ ಮುಗಿಯಿತು. ಟಿವಿಯ ಸಾಹೇಬರು ಕೋಟಿನ ಗುಂಡಿ ಸರಿಮಾಡಿಕೊಂಡು ನಮ್ಮನ್ನೇ ನೇರವಾಗಿ ನೋಡಿ, "ನೆಲಮಂಗಲ ಕೇಂದ್ರ, ಹಾಜರಿದ್ದೀರಾ?" ಅಂದರು. ಜೀವಮಾನವೆಲ್ಲ ಹಾಜರಿ ಕೂಗಿದವರಿಗೆ, ಅದಕ್ಕೂ ಮೊದಲು ಹಾಜರಿ ಹೇಳಿ ಬೆಳೆದವರಿಗೆ, ಹೆಸರು ಹಿಡಿದು ಕೂಗಿದರೆ ಮೈಯಲ್ಲಿ ಏನೋ ಆಗುತ್ತದೆ. ಹಾಲಿನಲ್ಲಿದ್ದ ಅಷ್ಟೂ ಜನ ದಡದಡನೆ ಎದ್ದು ನಿಂತು, "ಹಾಜರಿದ್ದೇವೆ ಸಾರ್!" ಎಂದು ಕೂಗಿದೆವು. ಒಬ್ಬಿಬ್ಬರು ಕೈಯನ್ನೂ ಮುಗಿದರು. ಸಾಹೇಬರು ಸ್ವಲ್ಪ ಹೊತ್ತು ನಮ್ಮ ಮುಖವನ್ನೇ ನೋಡಿದರು. ಆಮೇಲೆ ಬಗ್ಗಿ ಕಾಗದದಲ್ಲಿ ಏನೋ ಗುರುತು ಹಾಕಿಕೊಂಡು, "ನೆಲಮಂಗಲ, ಉತ್ತರವಿಲ್ಲ. ಮುಂದಿನದು ದೊಡ್ಡಬಳ್ಳಾಪುರ" ಅಂದುಬಿಟ್ಟರು.

"ಇಷ್ಟ್ ಜನ ಬಡ್ಕೊತಿದೀವಿ, ಕಿವಿ ಕೇಳಲ್ವೇನ್ರೀ ಆವಯ್ಯಂಗೆ?" ಎಂದು ಹಿಂದಿನಿಂದ ಯಾರೋ ಅಂದರು.

"ಸಾರ್, ಟಿವಿ ಸೌಂಡ್ ಜಾಸ್ತಿ ಮಾಡಿ ಸಾರ್. ಆಗ್ಲಾದ್ರೂ ಕೇಳಿಸ್ತದೆ" ಎಂದರು ಜಯಲಕ್ಷ್ಮಮ್ಮ.

ಗಂಗಹನುಮಯ್ಯನವರು ಓಡಿಹೋಗಿ ಸೌಂಡ್ ಜಾಸ್ತಿ ಮಾಡಿದರು. ನಾವು ಇನ್ನೊಂದು ಸಲ ಎದ್ದು ಕೂಗಿದೆವು. ನಾನಂತೂ ಗಂಟಲು ಹರಿಯುವ ಹಾಗೆ ಕೂಗಿದೆ, ನನಗೆ ಮಂಜುಳನ ಬಾಣಂತನ ಕಣ್ಣ ಮುಂದಿತ್ತು. ಅಷ್ಟರಲ್ಲಿ ಟಿವಿಯೊಳಗಿಂದ ದೊಡ್ಡಬಳ್ಳಾಪುರದ ಸಂಯೋಜಕರ ದನಿ, "ಎಲ್ಲರೂ ಹಾಜರಿದ್ದಾರೆ ಸಾರ್" ಎಂದು ಸಲೀಸಾಗಿ ಇಳಿದು ಬಂತು. ಸಾಹೇಬರು ನಕ್ಕರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ದೊಡ್ಡಬಳ್ಳಾಪುರದವರು ಅದೆಷ್ಟು ಜೋರಾಗಿ ಕೂಗುತ್ತಾರಪ್ಪಾ ಎಂದು ನನಗೆ ಒಳಗೊಳಗೇ ಹೊಟ್ಟೆಕಿಚ್ಚಾಯಿತು. ಟಿವಿ ಈ ಕಡೆಯಿಂದ ಆ ಕಡೆಗೆ ಕೇಳಿಸುವುದಿಲ್ಲ, ಫೋನ್ ಮಾಡಿ ಹೇಳಬೇಕು ಎಂದು ನಮಗೆ ಅರ್ಥವಾಗುವ ಹೊತ್ತಿಗೆ ಊಟದ ಸಮಯವಾಗಿತ್ತು. ಅದು ಸುತ್ತೋಲೆಯಲ್ಲಿ ಇರಲಿಲ್ಲವೇ ಎಂದು ಕೇಳಿದರೆ ಗಂಗಹನುಮಯ್ಯನವರು ಜೇಬಿಗೆ ಕೈ ಹಾಕಿ ನೋಡಿ, "ಹಿಂದ್ಗಡೆ ಪುಟದಲ್ಲಿ ಐತೆ ಕಣ್ರಮ್ಮ" ಅಂದರು. ಅವರು ಸ್ಟುಡಿಯೋಗೆ ಫೋನ್ ಮಾಡಿ, ಕಾಡಿ ಬೇಡಿ, ಮೊದಲ ಅವಧಿ ಎಂದು ಮಾಫಿ ಮಾಡಿಸಿದರು. ನಾನು ಮನಸ್ಸಿನಲ್ಲೇ ಅವರಿಗೆ ಕೈ ಮುಗಿದೆ.

ಫೋನ್ ಇದ್ದದ್ದು ಹೆಡ್‌ಮಾಸ್ಟರ ಕೋಣೆಯಲ್ಲಿ, ಮೊಗಸಾಲೆಯ ಆ ತುದಿಗೆ. ಅದಕ್ಕೂ ಒಂದು ಬೀಗ. ಯಾರೂ ಕದ್ದು ಟ್ರಂಕ್ ಕಾಲ್ ಮಾಡಬಾರದೆಂದು ತಿರುಗಿಸುವ ಬಿಲ್ಲೆಗೇ ಪುಟ್ಟ ಬೀಗ ಜಡಿದಿದ್ದರು. ಪ್ರತಿ ಅವಧಿಯ ಕೊನೆಗೆ ಗಂಗಹನುಮಯ್ಯನವರು ಪಂಚೆ ಎತ್ತಿ ಹಿಡಿದು ಮೊಗಸಾಲೆಯಲ್ಲಿ ಓಡುವುದು, ಬೀಗ ತೆಗೆಯುವುದು, ನಂಬರು ತಿರುಗಿಸುವುದು. ರಾಜ್ಯದ ಅಷ್ಟೂ ಕೇಂದ್ರದವರು ಒಂದೇ ನಂಬರಿಗೆ ಒಂದೇ ಗಳಿಗೆಯಲ್ಲಿ ತಿರುಗಿಸಿದರೆ ಲೈನು ಸಿಗುವುದಾದರೂ ಹೇಗೆ? ಇತ್ತ ನಾವು ಟಿವಿಯ ಮುಂದೆ ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆವು, ಪೆಟ್ಟಿಗೆಯಿಂದ ನಮ್ಮ ಮೇಷ್ಟ್ರ ದನಿ ಯಾವಾಗ ಬರುತ್ತದೋ ಎಂದು. ಬಂದರೆ ಚಪ್ಪಾಳೆ. ಪಾಠಕ್ಕೆ ಯಾರೂ ಅಷ್ಟು ಗಮನ ಕೊಟ್ಟವರಲ್ಲ.

ಬುಧವಾರ ಕರೆಂಟು ಹೋಯಿತು. ಮಧ್ಯಾಹ್ನದ ಪಾಠ ಶುರುವಾಗಿ ಸಾಹೇಬರು "ಆತ್ಮೀಯ ಶಿಕ್ಷಕ ಬಂಧುಗಳೇ" ಅಂದದ್ದಷ್ಟೇ, ಟಿವಿ ಕಣ್ಣು ಮುಚ್ಚಿತು. ನಾವು ಹೊರಗೆ ಹೋಗಿ ಹುಣಸೆ ಮರದ ನೆರಳಿನಲ್ಲಿ ಕೂರೋಣ ಎಂದು ಎದ್ದರೆ ಗಂಗಹನುಮಯ್ಯನವರು ಬಾಗಿಲಿಗೆ ಅಡ್ಡ ನಿಂತರು.

"ಟಿವಿ ಮುಂದೆ ಇರ್ಬೇಕು ಅಂತ ಐತೆ ಮೇಡಂ."

"ಟಿವಿ ಇದೆ ಸಾರ್, ಅದ್ರಲ್ಲಿ ಏನೂ ಇಲ್ವಲ್ಲ" ಅಂದೆ.

"ಅದ್ರಲ್ಲಿ ಏನಾದ್ರೂ ಇರ್ಬೇಕು ಅಂತ ಇಲ್ಲಿ ಬರ್ದಿಲ್ಲ."

ಹಾಗಾಗಿ ಆ ಮಧ್ಯಾಹ್ನವೆಲ್ಲ ನಾವು ಕಪ್ಪು ಗಾಜನ್ನು ನೋಡುತ್ತಾ ಕೂತೆವು. ಅದರಲ್ಲಿ ನಾವೇ ಕಾಣುತ್ತಿದ್ದೆವು, ಸಾಲು ಸಾಲಾಗಿ, ಫ್ಯಾನು ನಿಂತ ಸೆಖೆಗೆ ಸೆರಗು ಬೀಸಿಕೊಳ್ಳುತ್ತಾ. ಜಯಲಕ್ಷ್ಮಮ್ಮ ಆ ಗಾಜು ನೋಡಿಕೊಂಡೇ ಜಡೆ ಬಿಚ್ಚಿ ಹಾಕಿಕೊಂಡರು. "ತರಬೇತಿಯಿಂದ ನಂಗೆ ಏನಾದ್ರೂ ಪ್ರಯೋಜನ ಆಗಿದ್ರೆ ಅದು ಇವತ್ತೇ ನೋಡಿ" ಎಂದರು. ಅವಧಿ ಮುಗಿದಿರಬಹುದು ಎನ್ನಿಸಿದ ಹೊತ್ತಿಗೆ ಗಂಗಹನುಮಯ್ಯನವರು ಅಂದಾಜಿನ ಮೇಲೆ ಹೋಗಿ ಫೋನ್ ತಿರುಗಿಸಿದರು. ಫೋನಿಗೆ ಕರೆಂಟಿನ ಹಂಗಿಲ್ಲವಲ್ಲ, ಲೈನು ಒಂದೇ ಸಲಕ್ಕೆ ಸಿಕ್ಕಿತು. ಎಲ್ಲರೂ ಹಾಜರಿದ್ದಾರೆ ಎಂದರು. ಸ್ಟುಡಿಯೋದವರು ಸಂತೋಷ ಅಂದರಂತೆ. ಪಾಠದ ಒಂದು ಅಕ್ಷರವೂ ಕೇಳದ ನಾವು ಹಾಜರು. ಅದೇ ದಿನ ಕಣ್ಣು ಮಿಟುಕಿಸದೆ ಪಾಠ ಕೇಳಿ, ಫೋನಿನ ಲೈನು ಸಿಗದೆ ಹೋದ ಇನ್ನೊಂದು ತಾಲ್ಲೂಕಿನವರು ಪೂರ್ತಿ ಗೈರಂತೆ. ಇದನ್ನು ಯಾವ ನ್ಯಾಯಾಧೀಶರ ಮುಂದೆ ಹೇಳಿಕೊಳ್ಳುವುದು ಹೇಳಿ.

ಹೀಗೆ ಏಗಿಕೊಂಡು ಶನಿವಾರದ ತನಕ ಬಂದೆವು. ಕೊನೆಯ ದಿನ, ಕೊನೆಯ ಅವಧಿ. ಇದೊಂದು ದಾಟಿದರೆ ರಜ ನನ್ನದು, ಮಗಳು ನನ್ನ ಮನೆಗೆ. ಅವತ್ತು ಗಂಗಹನುಮಯ್ಯನವರಿಗೆ ಓಡಿ ಓಡಿ ಮಂಡಿ ಊದಿಕೊಂಡಿತ್ತು. ಟಿವಿಯಲ್ಲಿ ಕೇಂದ್ರಗಳ ಹೆಸರು ಕೂಗಲು ಶುರುವಾದರೂ ಅವರು ಇನ್ನೂ ಗೋಡೆ ಹಿಡಿದುಕೊಂಡು ಏಳುತ್ತಿದ್ದರು. ಆ ಮನುಷ್ಯ ಮೊಗಸಾಲೆ ದಾಟುವುದರೊಳಗೆ ನನ್ನ ಬಾಣಂತನ ಹೊಸಕೋಟೆ ಪಾಲಾಗುತ್ತದೆ ಎಂದು ನನಗೆ ಜೀವ ಬಾಯಿಗೆ ಬಂತು. "ಕೊಡಿ ಸಾರ್ ಬೀಗದ ಕೈ, ನಾನ್ ಹೋಗ್ತೀನಿ" ಎಂದವಳೇ ಅವರ ಕೈಯಿಂದ ಕಿತ್ತುಕೊಂಡು ಓಡಿದೆ. ಈ ವಯಸ್ಸಿನಲ್ಲಿ, ಈ ಮೈಯಲ್ಲಿ, ನಾನು ಹಾಗೆ ಓಡಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಬೀಗ ತೆಗೆದು ನಂಬರು ತಿರುಗಿಸಿದೆ. ಎಂಗೇಜು. ಮತ್ತೆ ತಿರುಗಿಸಿದೆ. ಎಂಗೇಜು. ಮನೆದೇವರನ್ನೆಲ್ಲ ನೆನೆದುಕೊಂಡು ಬೆರಳು ನೋಯುವವರೆಗೆ ತಿರುಗಿಸಿದೆ. ಕೊನೆಗೆ ಆ ಕಡೆ ಗಂಟೆ ಹೊಡೆಯಿತು. ಸಾಹೇಬರ ದನಿಯೇ ಕೇಳಿಸಿತು. "ನೆಲಮಂಗಲ ಕೇಂದ್ರದ ಎಲ್ಲರೂ ಹಾಜರಿದ್ದಾರೆ ಸಾರ್" ಎಂದೆ. ಹಾಲಿನಿಂದ ಚಪ್ಪಾಳೆ ನನ್ನ ತನಕ ಕೇಳಿಸಿತು.

ಬೆವರು ಒರೆಸಿಕೊಳ್ಳುತ್ತಾ ಹಾಲಿಗೆ ಬಂದರೆ ಎಲ್ಲರೂ ನನ್ನ ಬೆನ್ನು ತಟ್ಟಿದರು. ಜಯಲಕ್ಷ್ಮಮ್ಮ ತಮ್ಮ ಪಾಲಿನ ಬೋಂಡವನ್ನೂ ನನಗೇ ಕೊಟ್ಟರು. ಗಂಗಹನುಮಯ್ಯನವರು ಮಾತ್ರ ಹಾಜರಿ ಪುಸ್ತಕದ ಮೇಲೆ ಪೆನ್ನು ಹಿಡಿದುಕೊಂಡು ನನ್ನನ್ನೇ ಪಾಪ ಅನ್ನುವ ಹಾಗೆ ನೋಡುತ್ತಿದ್ದರು.

"ಸರೋಜಮ್ಮೋರೆ, ಬೇಜಾರು ಮಾಡ್ಕಬೇಡಿ. ನಿಮ್ದೊಂದು ಗೈರು ಬತ್ತದೆ."

"ನನ್ದಾ? ಯಾಕೆ ಸಾರ್?"

"ಹಾಜರಿ ತಗೊಳೋ ಹೊತ್ನಲ್ಲಿ ನೀವು ಟಿವಿ ಮುಂದೆ ಇರ್ಲಿಲ್ವಲ್ಲ."

"ಅಯ್ಯೋ, ಹಾಜರಿ ಕೊಟ್ಟೋಳೇ ನಾನಲ್ವಾ ಸಾರ್! ನನ್ ದನಿ ಟಿವಿ ಒಳಗೇ ಬರ್ಲಿಲ್ವಾ?"

"ಬಂತು ಮೇಡಂ, ಚೆನ್ನಾಗಿ ಬಂತು. ಆದ್ರೆ ಟಿವಿ ಒಳಗಿರೋದು ಬೇರೆ, ಟಿವಿ ಮುಂದಿರೋದು ಬೇರೆ."

"ದಿನಾ ನೀವೂ ಹೋಗ್ತಿದ್ರಲ್ಲ ಸಾರ್, ನಿಮ್ದು?"

"ನಾನು ಸಂಯೋಜಕ. ನಂದು ಹಾಜರಿನೇ ಇಲ್ಲ" ಎಂದು ಅವರು ಜೇಬಿಗೆ ಕೈ ಹಾಕಿದರು.

ಸುತ್ತೋಲೆ ಹೊರಗೆ ಬಂದಿದ್ದರೆ ಹರಿದೇ ಹಾಕುತ್ತಿದ್ದೆನೋ ಏನೋ. ಜಯಲಕ್ಷ್ಮಮ್ಮ ನನ್ನ ಕೈ ಹಿಡಿದು ಹೊರಗೆ ಎಳೆದುಕೊಂಡು ಹೋದರು. ಇಡೀ ತಾಲ್ಲೂಕನ್ನು ಹಾಜರು ಮಾಡಿಸಿದ ನಾನೊಬ್ಬಳೇ ಗೈರು! ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಸಿಟ್ಟಿಗೆ ಬಂದ ಅಳು ಅದು, ತಡೆದರೆ ಇನ್ನೂ ಜೋರಾಗುತ್ತದೆ. ಕಂಡಕ್ಟರು ಪಾಪ ಯಾರೋ ಹೋಗಿರಬೇಕು ಎಂದುಕೊಂಡು ಚಿಲ್ಲರೆ ಕೂಡ ಕೇಳದೆ ಟಿಕೆಟ್ಟು ಕೊಟ್ಟ.

ಆದರೆ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಮನೆಗೆ ಹೋಗಿ ಮೇಲಿನವರಿಗೆ ಒಂದು ಮನವಿ ಬರೆದೆ. ಎಲ್ಲರ ಹಾಜರಿಯನ್ನು ಫೋನಿನಲ್ಲಿ ಹೇಳಿದವಳೇ ಗೈರು ಎಂದರೆ ಇದು ಯಾವ ನ್ಯಾಯ, ಫೋನಿನಲ್ಲಿ ಮಾತಾಡಿದವರನ್ನೂ ಹಾಜರು ಎಂದು ಪರಿಗಣಿಸಬೇಕು ಎಂದು, ಮಕ್ಕಳಿಗೆ ಕಾಪಿ ಬರೆಸುವ ಅಕ್ಷರದಲ್ಲಿ, ಚೆನ್ನಾಗಿ ಬಿಡಿಸಿ ಬರೆದೆ. ಯಜಮಾನರು ಓದಿ, "ಬರ್ದಿರೋದು ಏನೋ ಸರಿ. ಆದ್ರೆ ಕೆಣಕಿದ್ರೆ ಇನ್ನೇನಾದ್ರೂ ಹೊಸದು ಮಾಡ್ತಾರೆ ನೋಡು" ಅಂದರು. ಅವರು ರಾಗಿ ಬೆಳೆಯುವ ಮನುಷ್ಯ, ಅವರಿಗೆ ಇಲಾಖೆಯ ವಿಷಯ ಏನು ಗೊತ್ತು ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಉತ್ತರ ಬಂದೇ ಬಂತು. ನನ್ನ ಹಳೆಯ ಗೈರು ಹಾಗೇ ಉಳಿಯಿತು. ಬೇಸಿಗೆ ತರಬೇತಿಗೆ ಮಾತ್ರ ನಿಯಮ ಬದಲಾಗಿತ್ತು. ಶಿಕ್ಷಕಿಯೊಬ್ಬರ ಮನವಿಯನ್ನು ಪರಿಶೀಲಿಸಿ, ಇನ್ನು ಮುಂದೆ ಒಬ್ಬರ ಪರವಾಗಿ ಇನ್ನೊಬ್ಬರು ಹಾಜರಿ ಹೇಳತಕ್ಕದ್ದಲ್ಲ. ಸ್ಟುಡಿಯೋದವರೇ ಕೇಂದ್ರಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ತಮಗೆ ತೋಚಿದ ಒಂದು ಹೆಸರು ಕೇಳುತ್ತಾರೆ. ಆ ವ್ಯಕ್ತಿ ಖುದ್ದಾಗಿ ಫೋನಿಗೆ ಬಂದು ಹಾಜರಿ ಹೇಳಬೇಕು. ಲೈನು ಬೇರೆಯವರಿಗೆ ಬೇಕಾಗಿರುವುದರಿಂದ ಅದಕ್ಕಿಂತ ಒಂದು ಮಾತೂ ಹೆಚ್ಚಿಗೆ ಆಡತಕ್ಕದ್ದಲ್ಲ. ಒಬ್ಬರಿಗೆ ದಿನಕ್ಕೆ ಒಂದೇ ಸಲ. ಬೇಸಿಗೆಯ ಗುಂಪಿನಲ್ಲಿ ಸಿಕ್ಕಿಬಿದ್ದವರೆಲ್ಲ, ಆ ಶಿಕ್ಷಕಿ ಯಾರೋ ಅವಳ ಮನೆ ಹಾಳಾಗ ಎಂದು ನನ್ನ ಎದುರಿಗೇ ಬೈದರು. ನಾನೂ ಹೂಂಗುಟ್ಟಿದೆ.

ತರಬೇತಿಗೆ ಮುಂಚೆ ಹೊಸಕೋಟೆಗೆ ಹೋಗಿ ಮುನಿತಾಯಮ್ಮನವರ ಎದುರು ಕೂತು ವಿಷಯ ಹೇಳಬೇಕಾಯಿತಲ್ಲ, ಅದೊಂದು ಗೋಳು. ಅವರು ಅವರೆಕಾಳು ಆರಿಸುತ್ತಿದ್ದರು. ಮುಖ ಎತ್ತದೆ ಪೂರ್ತಿ ಕೇಳಿಸಿಕೊಂಡರು. "ಹಂಗಾದ್ರೆ ನೀವು ಟಿವಿ ನೋಡ್ಕಂಡು ಬನ್ನಿ ಬೀಗ್ರೆ, ಮಗೀನ ನಾವು ನೋಡ್ಕಂತೀವಿ" ಎಂದರು. ಹೆರಿಗೆಗೆ ಇನ್ನೂ ದಿನ ಇದೆ, ತರಬೇತಿ ಒಂದು ವಾರ, ಮುಗಿದ ಮಾರನೆಯ ದಿನವೇ ಬಂದು ಕಾರು ಮಾಡಿ ಕರೆದುಕೊಂಡು ಹೋಗುತ್ತೇನೆ ಎಂದು ಗೋಗರೆದೆ. ಕೊನೆಗೆ ಒಪ್ಪಿದರು. ಅಳಿಯಂದಿರಿಗೆ ಕೇಂದ್ರದ ಫೋನ್ ನಂಬರು ಬರೆದುಕೊಟ್ಟೆ. ಅವರು ಬಹಳ ಸಂಕೋಚದ ಹುಡುಗ, ನನ್ನ ಮುಂದೆ ಕುರ್ಚಿಯ ಮೇಲೆ ಸರಿಯಾಗಿ ಕೂರುವುದೂ ಇಲ್ಲ. ಹೊರಡುವಾಗ ಮಂಜುಳ ಬಾಗಿಲ ತನಕ ಬಂದು ಮೆಲ್ಲಗೆ, "ಅಮ್ಮ, ನಂಗೆ ಭಯ ಆಗ್ತದೆ ಕಣಮ್ಮ. ಆ ಹೊತ್ಗೆ ನೀನು ಇರ್ತೀಯ ತಾನೆ?" ಅಂದಳು. "ಇರ್ದೆ ಎಲ್ಲೋಗ್ತೀನೇ ಹುಚ್ಚಿ" ಎಂದು ಅವಳ ಕೆನ್ನೆ ಸವರಿ ಬಸ್ಸು ಹತ್ತಿದೆ.

ಬೇಸಿಗೆ ತರಬೇತಿಯಲ್ಲಿ ಅದೇ ಟಿವಿ, ಅದೇ ಸಾಹೇಬರು, ಅದೇ ಕೋಟು, ಅದೇ ನಗುನಗುತ್ತಾ ಕಲಿಯುವ ಪಾಠ. ನಗುವವರು ಮಾತ್ರ ಒಬ್ಬರೂ ಇರಲಿಲ್ಲ. ಎಲ್ಲರ ಕಿವಿಯೂ ಮೊಗಸಾಲೆಯ ಆ ತುದಿಯಲ್ಲಿ. ಫೋನು ಟ್ರಿಣ್ ಎಂದರೆ ಹಾಲಿನಲ್ಲಿ ಅಷ್ಟೂ ಜನ ಅರ್ಧ ಏಳುವುದು. ಗಂಗಹನುಮಯ್ಯನವರು ಫೋನಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಬಂದ ಹೆಸರನ್ನು ಅಲ್ಲಿಂದಲೇ ಕೂಗುವರು. ಆ ಹೆಸರಿನವರು ಬಿದ್ದಂಬೀಳ ಓಡುವುದು, ಹಾಜರಿದ್ದೇನೆ ಸಾರ್ ಎನ್ನುವುದು, ಫೋನ್ ಇಟ್ಟು ಎದೆ ಹಿಡಿದುಕೊಂಡು ಬರುವುದು. ನೀರು ಕುಡಿಯಲು ಹೋಗಿ ಒಬ್ಬ ಮೇಷ್ಟ್ರು ತಮ್ಮ ಕರೆ ತಪ್ಪಿಸಿಕೊಂಡರು. ಅವರು ಗೋಡೆಗೆ ಹಣೆ ಚಚ್ಚಿಕೊಂಡದ್ದನ್ನು ನೋಡಿದ ಮೇಲೆ ನಾನು ನಡುವೆ ಹೊರಗೆ ಹೋಗಬೇಕಾದೀತೆಂದು ಬೆಳಗ್ಗೆ ಮನೆಯಲ್ಲಿ ನೀರು ಕುಡಿಯುವುದನ್ನೇ ಬಿಟ್ಟೆ.

ಮುಗಿಯಲು ಇನ್ನೊಂದೇ ದಿನ ಇತ್ತು. ಹನ್ನೊಂದರ ಸುಮಾರಿಗೆ ಫೋನು ಬಡಿದುಕೊಂಡಿತು. "ಸರೋಜಮ್ಮೋರೇ!" ಎಂದು ಗಂಗಹನುಮಯ್ಯನವರು ಕೂಗಿದರು. ನಾನು ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. ಲೈನಿನಲ್ಲಿ ಒಂದೇ ಸಮನೆ ಗೊರಗೊರ, ಅದರ ಆಚೆ ಎಲ್ಲೋ ಬಾವಿಯೊಳಗಿಂದ ಬಂದ ಹಾಗೆ, "ಹಲೋ... ನೆಲಮಂಗಲ ಸೆಂಟರಾ... ಸರೋಜಮ್ಮೋರು ಇದಾರಾ?" ಎಂದು ಒಂದು ದನಿ. ನಾನು ನೆಟ್ಟಗೆ ನಿಂತು, ಸ್ಪಷ್ಟವಾಗಿ, "ಹಾಜರಿದ್ದೇನೆ ಸಾರ್!" ಎಂದು ಹೇಳಿ, ಲೈನು ಬೇರೆಯವರಿಗೆ ಬೇಕಲ್ಲ ಎಂದು ಟಪ್ಪನೆ ಫೋನ್ ಇಟ್ಟೆ. ನಾನು ಹಾಲಿಗೆ ವಾಪಸು ಬರುವಷ್ಟರಲ್ಲಿ ಮತ್ತೆ ಫೋನು. ಗಂಗಹನುಮಯ್ಯನವರು ಎತ್ತಿಕೊಂಡು, "ಅವರ್ದಾಯ್ತು ಸಾರ್, ಒಬ್ರಿಗೆ ಒಂದೇ ಸಲ ಅಂತ ಐತಲ್ಲ" ಎಂದು ಹೇಳಿ ಇಟ್ಟುಬಿಟ್ಟರು. ಆ ದಿನದ ಭಾರ ಕಳೆಯಿತು ಎಂದು ನಾನು ಆರಾಮವಾಗಿ ಕೂತು, ವಾರದಲ್ಲಿ ಮೊದಲನೆಯ ಸಲ ಪಾಠ ಕೇಳಿಸಿಕೊಂಡೆ. ಮಗು ಕರೆದಾಗ ಶಿಕ್ಷಕರು ಮೊದಲು ಅದರ ಮಾತನ್ನು ಪೂರ್ತಿ ಕೇಳಿಸಿಕೊಳ್ಳಬೇಕು ಎಂದು ಸಾಹೇಬರು ಹೇಳುತ್ತಿದ್ದರು. ಚೆನ್ನಾಗಿ ಹೇಳುತ್ತಾರೆ ಅನ್ನಿಸಿತು.

ಸಂಜೆ ದಾಬಸ್‌ಪೇಟೆಯಲ್ಲಿ ಬಸ್ಸು ಇಳಿದರೆ ಯಜಮಾನರು ಚೀಲ ಹಿಡಿದುಕೊಂಡು ನಿಂತಿದ್ದರು. ಹಳೇ ಸೀರೆಯ ಗಂಟು, ಹರಳೆಣ್ಣೆಯ ಬಾಟಲಿ, ಎಲ್ಲ ಅದರಲ್ಲಿ.

"ಹೆಣ್ಮಗು. ಬೆಳಿಗ್ಗೆನೇ ಆಯ್ತಂತೆ. ಇಬ್ರೂ ಚೆನ್ನಾಗವ್ರೆ" ಅಂದರು.

ನಾನು ಚೀಲದ ಹಿಡಿ ಹಿಡಿದುಕೊಂಡೆ. "ಇನ್ನೂ ದಿನ ಇತ್ತಲ್ರೀ! ನಂಗೆ ಯಾರೂ ಹೇಳ್ಲೇ ಇಲ್ವಲ್ಲ!"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಅಳಿಯಂದ್ರು ನಮ್ಮ ಬೀದಿ ಅಂಗಡಿಗೆ ಫೋನ್ ಮಾಡಿ ನಂಗೆ ಹೇಳಿದ್ರು. ಮೊದ್ಲು ನಿಂಗೇ ಮಾಡಿದ್ರಂತೆ. ನೀನು ಅವ್ರನ್ನ ಸಾರ್ ಅಂದ್ಯಂತೆ. ಆಮೇಲೆ ಏನೂ ಕೇಳಿಸ್ಕೊಳ್ದೆ ಇಟ್ಬಿಟ್ಯಂತೆ. ಇನ್ನೊಂದ್ಸಲ ಮಾಡಿದ್ರೆ ಯಾರೋ ನಿಂದಾಯ್ತು ಅಂದ್ರಂತೆ. ಅತ್ತೆಗೆ ನಮ್ಮೇಲೆ ಏನು ಕೋಪವೋ ಅಂತ ಹುಡ್ಗ ಗಾಬ್ರಿ ಆಗವ್ರೆ."

ಬೆಂಗಳೂರಿಗೆ ಬಂದು, ಅಲ್ಲಿ ಬಸ್ಸು ಬದಲಾಯಿಸಿ ಹೊಸಕೋಟೆ ಮುಟ್ಟುವವರೆಗೆ ನಾನು ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಯಾರನ್ನು ಬೈಯಲಿ? ಸುತ್ತೋಲೆಯನ್ನು ಬೈಯೋಣ ಎಂದರೆ ಆ ನಿಯಮ ಬಂದದ್ದೇ ನನ್ನ ಅಕ್ಷರದಿಂದ. ಮಗಳು ನೋವು ತಿನ್ನುತ್ತಾ ಅಮ್ಮ ಎಲ್ಲಿ ಎಂದು ಕೇಳಿರುತ್ತಾಳೆ. ನಾನಾಗ ನೆಲಮಂಗಲದಲ್ಲಿ ಒಂದು ಪೆಟ್ಟಿಗೆಯ ಮುಂದೆ ಕೈ ಕಟ್ಟಿ ಕೂತಿದ್ದೆ. ಮಾರನೆಯ ದಿನ, ಅಂದರೆ ಕೊನೆಯ ದಿನ, ನಾನು ತರಬೇತಿಗೆ ಹೋಗಲಿಲ್ಲ. ಆ ರಜದ ತರಬೇತಿಯೂ ನೀರಿಗೆ ಬಿತ್ತು, ಇನ್ನು ದಸರಾ ರಜದಲ್ಲಿ ಮೂರನೆಯ ಸಲ ಮೊದಲಿನಿಂದ ಕೂರಬೇಕಂತೆ. ಹಸಿ ಬಾಣಂತಿಯನ್ನು ದಾಬಸ್‌ಪೇಟೆಯ ತನಕ ಕುಲುಕಿಸಿಕೊಂಡು ಹೋಗುವ ಮಾತೂ ಇರಲಿಲ್ಲ. ಬಾಣಂತನ ಹೊಸಕೋಟೆಯಲ್ಲೇ ಆಯಿತು. ರಜ ಮುಗಿಯುವ ತನಕ ನಾನು ಅಲ್ಲೇ ಇದ್ದು, ಬೀಗಿತ್ತಿ ಹೇಳಿದ ಹಾಗೆ ನೀರು ಕಾಯಿಸಿದೆ, ಬಟ್ಟೆ ಒಗೆದೆ. ಅದಕ್ಕೆ ನನ್ನ ತಕರಾರಿಲ್ಲ.

ಆದರೆ ಆ ರಾತ್ರಿ ನಾನು ಆಸ್ಪತ್ರೆಯ ಬಾಗಿಲಲ್ಲಿ ನಿಂತದ್ದು ಮಾತ್ರ ಮರೆಯುವ ಹಾಗಿಲ್ಲ. ಮಂಜುಳ ಮಂಚದ ಮೇಲೆ ಸುಸ್ತಾಗಿ ಮಲಗಿದ್ದಳು. ಪಕ್ಕದಲ್ಲಿ ಮುನಿತಾಯಮ್ಮನವರು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಅಳಿಯಂದಿರು ನನ್ನನ್ನು ಕಂಡೊಡನೆ ಎದ್ದು ಗೋಡೆಗೆ ಅಂಟಿಕೊಂಡರು. ಮಂಜುಳ ಕಣ್ಣು ಬಿಟ್ಟು, "ಬಂದ್ಯಾಮ್ಮ?" ಅಂದಳು. ಅದರಲ್ಲಿ ಸಿಟ್ಟಿರಲಿಲ್ಲ, ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಹಾಜರಿ ಕೂಗಿದಾಗ ಲಂಗ ಹಿಂಡುವ ನಮ್ಮ ಶಾಲೆಯ ಆ ಹುಡುಗಿಯ ಹಾಗೆ ಸೆರಗಿನ ತುದಿ ಹಿಂಡುತ್ತಾ ನಿಂತೆ.

ಮುನಿತಾಯಮ್ಮನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಏನು ಕೇಳಬೇಕಾಗುತ್ತದೋ ಎಂದು ನಾನು ಹಲ್ಲು ಕಚ್ಚಿಕೊಂಡೆ. ಅವರು ಮಂಚದ ಮೇಲೆ ಒಂದಿಷ್ಟು ಸರಿದು ಜಾಗ ಮಾಡಿ, ನನ್ನ ಕೈ ಹಿಡಿದು ಎಳೆದು ಕೂರಿಸಿ, ಬೆಚ್ಚಗಿದ್ದ ಮೊಮ್ಮಗಳನ್ನು ಎತ್ತಿ ನನ್ನ ಮಡಿಲಿಗೆ ಹಾಕಿದರು.

"ಈಗ ಹೇಳಿ ಬೀಗ್ರೆ, ಹಾಜರಿದ್ದೀನಿ ಅಂತ. ಫೋನಾಗೆ ಚೆಂದಾಗಿ ಹೇಳಿದ್ರಂತಲ್ಲ" ಅಂದರು.

ಮಗಳು ನಕ್ಕಳು. ಅಳಿಯಂದಿರೂ ಗೋಡೆಯ ಕಡೆ ತಿರುಗಿ ನಕ್ಕರು. ನಾನು ಮೂಗು ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಮೊಮ್ಮಗಳ ಮುಖವನ್ನೇ ನೋಡುತ್ತಾ, "ಹಾಜರಿದ್ದೇನೆ" ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಹಾಳು ಅಭ್ಯಾಸ ನೋಡಿ, ಹಿಂದೆಯೇ "ಸಾರ್" ಎಂದುಬಿಟ್ಟೆ.